ದಿನಕ್ಕೆ ಹತ್ತು ನಿಮಿಷದ ದನಿ

ಕೊರೊನಾ ಹಾವಳಿ ತಗ್ಗಿ ಶಾಲೆಗಳು ಮತ್ತೆ ನೆಟ್ಟಗೆ ನಡೆಯತೊಡಗಿದ ಎರಡನೆಯ ವರ್ಷದ ಮಾತು. ಆಗ ನಾನು ವಿಜಯಪುರದಲ್ಲಿದ್ದುಕೊಂಡು ಶಿಕ್ಷಕರಿಗೆ ತಂತ್ರಜ್ಞಾನ ತರಬೇತಿ ಕೊಡುವ ಕೆಲಸ ಮಾಡುತ್ತಿದ್ದೆ. ಮೂಲತಃ ನಾನು ವಿಜ್ಞಾನದ ಮಾಸ್ತರ. ಹದಿನೆಂಟು ವರ್ಷ ಪಾಠ ಹೇಳಿ, ಆಮೇಲೆ ನಿವೃತ್ತಿಯಾಗುವವರೆಗೂ ಈ ಕೆಲಸಕ್ಕೇ ಅಂಟಿಕೊಂಡೆ. ಹೆಗಲ ಮೇಲೊಂದು ಚೀಲ, ಚೀಲದ ತುಂಬ ವೈರು, ಪಿನ್ನು, ಪೆನ್‌ಡ್ರೈವು. ಇವತ್ತು ಟಿಕೋಟಾ, ನಾಳೆ ಬಬಲೇಶ್ವರ. ಸ್ಮಾರ್ಟ್ ಟಿವಿಗೆ ಮೊಬೈಲು ಜೋಡಿಸುವುದು, ಪಾಠದ ವಿಡಿಯೊ ಮಾಡುವುದು, ಆನ್‌ಲೈನಿನಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವುದು, ಇವೇ ನನ್ನ ಪಾಠಗಳು. ಕೆಲಸ ಬಲ್ಲವನೆಂಬ ಹೆಸರಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬ ಹೆಸರೂ ಇತ್ತು, ಅದೂ ಸುಳ್ಳಲ್ಲ.

ಜೂನ್ ತಿಂಗಳಲ್ಲಿ ಬಬಲೇಶ್ವರದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕರಿಗೆ ಎರಡು ದಿನದ ತರಬೇತಿ ಇಟ್ಟುಕೊಂಡಿದ್ದೆ. ಕೊನೆಯ ಬೆಂಚಿನಲ್ಲಿ ನಲವತ್ತೈದು ದಾಟಿದ ಒಬ್ಬ ಶಿಕ್ಷಕಿ ಕೂತಿದ್ದರು. ಹೆಸರು ಕೇಳಿದರೆ ಹಾಜರಿ ಹಾಳೆ ತೋರಿಸಿದರು. ಪ್ರಶ್ನೆ ಕೇಳಿದರೆ ನಕ್ಕರು. ಮೂರನೆಯ ಸಲಕ್ಕೆ ನನಗೆ ತಡೆಯಲಿಲ್ಲ. "ಏನ್ರಿ ಬಾಯಾರ, ಬಾಯಿಗಿ ಕೀಲಿ ಹಾಕ್ಕೊಂಡ ಬಂದೀರೇನು? ಮಾತಾಡಾಕ ಬ್ಯಾಸರಾದ್ರ ಇಲ್ಲಿಗ್ಯಾಕ ಬರಬೇಕಿತ್ತು?" ಎಂದು ಇಡೀ ಕೋಣೆಗೆ ಕೇಳುವಂತೆ ಅಂದುಬಿಟ್ಟೆ. ಅವರು ಎದ್ದು ಬಂದು ಡಾಕ್ಟರ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. ಓದಿದೆ. ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡೋಣ ಅನ್ನಿಸಿತು.

ಅವರು ಸುಮಿತ್ರಾ ಹೊಸಮನಿ. ಬಬಲೇಶ್ವರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳುತ್ತಿದ್ದವರು. ಅವರ ಗಂಟಲಿನೊಳಗಿನ ಧ್ವನಿತಂತುಗಳ ಮೇಲೆ ಗಂಟುಗಳಾಗಿದ್ದವು. ವೈದ್ಯರು ಇದನ್ನು ವೋಕಲ್ ನಾಡ್ಯೂಲ್ ಅನ್ನುತ್ತಾರೆ. ಸಲಿಕೆ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುತ್ತದಲ್ಲ, ವರ್ಷಗಟ್ಟಲೆ ಗಟ್ಟಿಯಾಗಿ ಮಾತಾಡಿದವರ ಗಂಟಲಿಗೂ ಹಾಗೇ ಆಗುತ್ತದೆ. ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಮಾತಾಡಬಹುದು, ಅಷ್ಟೇ. ಕೂಗಬಾರದು. ಪಿಸುಗುಟ್ಟಲೂ ಬಾರದು, ಅದರಿಂದ ಗಂಟಲು ಇನ್ನಷ್ಟು ಸೆಳೆಯುತ್ತದಂತೆ. ಮಾತು ಮೀರಿದರೆ ದನಿ ಪೂರಾ ಹೋದರೂ ಹೋದೀತು ಎಂದು ವಿಜಯಪುರದ ಡಾಕ್ಟರು ಬರೆದಿದ್ದರು.

ಊಟದ ಬಿಡುವಿನಲ್ಲಿ ಅವರ ಎದುರು ಕೂತು ಕೈ ಮುಗಿದೆ. ಅವರು ನೋಟ್‌ಬುಕ್ ತೆಗೆದು ಬರೆದರು: "ಇರ್ಲಿ ಬಿಡ್ರಿ ಸರ. ಹೆಡ್‌ಮಾಸ್ತರು ವರ್ಷದ ಮಟ್ಟಿಗೆ ರಜಾ ಹಾಕ್ರಿ ಅಂತಾರ. ಹತ್ತನೇ ಕ್ಲಾಸಿಗೆ ಬ್ಯಾರೆ ಲೆಕ್ಕದ ಮಾಸ್ತರ ಸಿಗೂದು ಖಾತ್ರಿ ಇಲ್ಲ. ಮೂವತ್ತೊಂದು ಮಕ್ಕಳು. ನನಗ ರಜಾ ಬ್ಯಾಡ, ಕ್ಲಾಸ್ ಬೇಕು. ನಿಮ್ಮ ಟೀವಿ, ಮೊಬೈಲಿನಾಗ ಏನರ ದಾರಿ ಐತೇನ್ರಿ?"

ಐತಿ ಅಂದೆ. ದಾರಿ ಗೊತ್ತಿತ್ತು ಅಂತಲ್ಲ, ಬೈದ ತಪ್ಪಿಗೆ ಹಾಗೆ ಅನ್ನಲೇಬೇಕಾಗಿತ್ತು.

ಮೊದಲು ನನಗೆ ಹೊಳೆದದ್ದು ಮೈಕು. ಸೊಲ್ಲಾಪುರ ರಸ್ತೆಯ ಅಂಗಡಿಯೊಂದರಲ್ಲಿ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು, ಸೊಂಟಕ್ಕೆ ಕಟ್ಟುವ ಸ್ಪೀಕರು ಆರಿಸಿ ತಂದುಕೊಟ್ಟೆ. ನಾಲ್ಕನೆಯ ದಿನ ವಾಪಸು ಬಂತು. ಜತೆಗೊಂದು ಚೀಟಿ: "ಸರ, ಇದು ದನಿ ದೊಡ್ಡದು ಮಾಡತೈತಿ, ಮಾತು ಕಡಿಮಿ ಮಾಡೂದಿಲ್ಲ. ಪೀರಿಯಡ್ ನಲವತ್ತು ಮಿನಿಟು, ನನ್ನ ಹಂತ್ಯಾಕ ಇರೂದು ಹತ್ತು." ಎಷ್ಟು ಸರಳ ಲೆಕ್ಕ! ನನ್ನಂಥ ಜಾಣನಿಗೆ ಅದು ಹೊಳೆದಿರಲಿಲ್ಲ.

ಎರಡನೆಯದು, ಅಂತರ್ಜಾಲದ ಸಿದ್ಧ ಪಾಠಗಳು. ಚೆಂದ ಚೆಂದದ ಗಣಿತದ ವಿಡಿಯೊಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಅವರ ಶಾಲೆಗೆ ಹೋದೆ. ಬಣ್ಣ ಏನು, ಚಿತ್ರ ಏನು! ಅರ್ಧ ತಾಸು ಆದ ಮೇಲೆ ಮಕ್ಕಳನ್ನು, ಹೇಗಿತ್ತು ಎಂದು ಕೇಳಿದೆ. ಭಾಗ್ಯಶ್ರೀ ಎಂಬ ಹುಡುಗಿ ಎದ್ದು ನಿಂತಳು. "ಛಲೋ ಅದರಿ ಸರ. ಆದ್ರ ಆ ಟೀವಿ ಸರ ನಮಗ ತಿಳೀಲಿಲ್ಲಂದ್ರೂ ಮುಂದ ಹೋಗಿಬಿಡ್ತಾರ್ರಿ. ನಮ್ಮ ಅಕ್ಕೋರು ಹಂಗ ಹೋಗೂದಿಲ್ಲ" ಅಂದಳು. ಇಲ್ಲಿ ನಾವು ಮಾಸ್ತರುಗಳು ಬಾಯಾರು ಎನ್ನುವ ಶಿಕ್ಷಕಿಯನ್ನು ಮಕ್ಕಳು, ಊರವರು ಅಕ್ಕೋರು ಎಂದೇ ಕರೆಯುತ್ತಾರೆ. ನನಗೆ ಸಿಟ್ಟು ಬಂತು, ನಿಜ. ನಾನು ತಂದದ್ದನ್ನು ಹದಿನೈದು ವರ್ಷದ ಹುಡುಗಿ ಒಂದೇ ಮಾತಿನಲ್ಲಿ ಹೊಡೆದು ಹಾಕಿದ್ದಳು.

ದಾರಿ ಕಂಡುಹಿಡಿದವರು ಸುಮಿತ್ರಾ ಅವರೇ. ಅದೇ ಸಂಜೆ ತಮ್ಮ ಹಳೆಯ ಮೊಬೈಲು ತೆಗೆದು, ಕೊರೊನಾ ಕಾಲದ ವಾಟ್ಸಾಪ್ ಗುಂಪೊಂದನ್ನು ತೋರಿಸಿದರು. ಶಾಲೆ ಮುಚ್ಚಿದ್ದಾಗ ಅಂದಿನ ಮಕ್ಕಳಿಗೆ ಅವರು ಪಾಠವನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸುತ್ತಿದ್ದರು. ವಿಡಿಯೊ ಕಳಿಸಿದರೆ ಮಕ್ಕಳ ಮನೆಯ ಮೊಬೈಲಿನ ನೆಟ್ ಖಾಲಿಯಾಗುತ್ತದೆ ಎಂದು ಬರೀ ದನಿ. ಒಂದೊಂದೂ ಎರಡು, ಮೂರು ನಿಮಿಷ. ಒಂದನ್ನು ಹಚ್ಚಿದರು. ಅಬ್ಬಾ, ಎಂಥ ದನಿ ಅದು! ಗಟ್ಟಿ, ನಡುನಡುವೆ ನಗು, ಅಪ್ಪಟ ನಮ್ಮ ಕಡೆಯ ಮಾತು. "ಯಪ್ಪಾ, ಇಲ್ಲಿ ತನಕ ತಿಳೀತಿಲ್ಲೋ? ತಿಳೀಲಿಲ್ಲಂದ್ರ ಹಿಂದಕ್ಕ ಹೋಗಿ ಇನ್ನೊಮ್ಮೆ ಕೇಳ್ರಿ, ನಾ ಏನ್ ಓಡಿ ಹೋಗೂದಿಲ್ಲ" ಎನ್ನುತ್ತಿತ್ತು ಮೊಬೈಲು. ಅವರು ತಲೆ ತಗ್ಗಿಸಿ ತಮ್ಮ ದನಿಯನ್ನೇ ಕೇಳುತ್ತ ಕೂತಿದ್ದರು. ನನ್ನ ಕಣ್ಣು ತುಂಬಿ ಬಂದವು, ಹೇಳಲು ನಾಚಿಕೆಯೇನಿಲ್ಲ.

ಆ ಗುಂಪಿನಲ್ಲಿ ಹತ್ತನೆಯ ತರಗತಿಯ ಗಣಿತದ ಬಹುಭಾಗ ಹಾಗೇ ಉಳಿದುಕೊಂಡಿತ್ತು. ಇನ್ನು ಅದಕ್ಕೆ ಚಿತ್ರ ಕೂಡಿಸಬೇಕಾಗಿತ್ತು. ಅವರು ಮನೆಯಲ್ಲಿ ಜೋಳ ತುಂಬಿದ ಎರಡು ಸ್ಟೀಲಿನ ಡಬ್ಬಿಗಳ ಮೇಲೆ ಮರದ ಸ್ಕೇಲು ಅಡ್ಡ ಇಟ್ಟು, ಅದಕ್ಕೆ ಮೊಬೈಲು ಕಟ್ಟಿ, ಕೆಳಗೆ ನೋಟ್‌ಬುಕ್ ಇಟ್ಟುಕೊಂಡರು. ಲೆಕ್ಕ ಬಿಡಿಸುವ ಕೈ ಮಾತ್ರ ವಿಡಿಯೊದಲ್ಲಿ ಬರುತ್ತಿತ್ತು. ಆ ಕೈಗೆ ಹಳೆಯ ದನಿಯನ್ನು ಹೊಂದಿಸುವುದನ್ನು, ಅಂದರೆ ಎಡಿಟ್ ಮಾಡುವುದನ್ನು, ನಾನು ಮೊಬೈಲಿನಲ್ಲೇ ಕಲಿಸಿಕೊಟ್ಟೆ. ಬೇರೆಯವರಿಗೆ ವಾರ ಹಿಡಿಯುವ ಕೆಲಸ, ಅವರು ಎರಡು ಸಂಜೆಯಲ್ಲಿ ಕಲಿತರು. ನಾನು ಹುರುಪಿನಿಂದ ಒಂದಕ್ಕೆ ಹಿನ್ನೆಲೆ ಸಂಗೀತ ಹಾಕಿಕೊಟ್ಟರೆ, "ಬಾಜಾ ಯಾಕ್ರಿ ಸರ, ಇದೇನ್ ಮದಿವಿ?" ಎಂದು ಬರೆದು ತೋರಿಸಿ ಅಳಿಸಿ ಹಾಕಿದರು.

ತರಗತಿಯಲ್ಲಿ ಅವರ ರೀತಿ ಹೀಗಿತ್ತು. ಮೂರು ನಿಮಿಷ ಟಿವಿ ನಡೆಯುತ್ತದೆ, ನಿಲ್ಲುತ್ತದೆ. ಮಕ್ಕಳು ಲೆಕ್ಕ ಮಾಡುತ್ತಾರೆ. ಅಕ್ಕೋರು ಸಾಲುಸಾಲು ತಿರುಗುತ್ತ, ತಪ್ಪಿದಲ್ಲಿ ಪೆನ್ಸಿಲಿನಿಂದ ಒಂದು ಸಲ ಕುಟ್ಟುತ್ತಾರೆ. ಆಗ ಆ ಮಗು ತನ್ನ ತಪ್ಪನ್ನು ತಾನೇ ಹುಡುಕಬೇಕು. ಯಾರಿಗೂ ತಿಳಿಯಲಿಲ್ಲವೆಂದರೆ ವಿಡಿಯೊ ಹಿಂದಕ್ಕೆ ಹೋಗುತ್ತದೆ. ಎಷ್ಟು ಕುಟ್ಟಿದರೂ ತಪ್ಪು ಸಿಗದ ಕಡೆ ಮಾತ್ರ ಅವರು ಮಗುವಿನ ಪಕ್ಕ ಕೂತು ಒಂದೆರಡು ಮಾತಾಡುತ್ತಿದ್ದರು. ಆಡಿದ ಮಾತಿನ ಸಮಯವನ್ನು ಮೊಬೈಲಿನ ಸ್ಟಾಪ್‌ವಾಚ್ ಎಣಿಸುತ್ತಿತ್ತು. ಮೊದಲ ಬಾರಿ ನೋಡಿದಾಗ ನಾನು ಹೊರಗೆ ವರಾಂಡದಲ್ಲಿ ನಿಂತೇ ಬೆರಗಾದೆ. ಹದಿನೆಂಟು ವರ್ಷ ಪಾಠ ಹೇಳಿದವನು ನಾನು. ನನ್ನ ತರಗತಿಯಲ್ಲಿ ಅಷ್ಟೊಂದು ತಲೆಗಳು ಒಟ್ಟಿಗೆ ಕೆಲಸ ಮಾಡಿದ್ದನ್ನು ಕಂಡವನಲ್ಲ.

ಆದರೆ ಊರ ಕಣ್ಣಿಗೆ ಅದು ಬೇರೆಯೇ ಆಗಿ ಕಂಡಿತು. ಸೆಪ್ಟೆಂಬರಿನಲ್ಲಿ ಹೆಡ್‌ಮಾಸ್ತರರ ಫೋನು ಬಂತು. ಭಾಗ್ಯಶ್ರೀಯ ತಂದೆ ಮಲ್ಲಪ್ಪ ಶಾಲಾ ಸಮಿತಿಯ ಸದಸ್ಯ. ಅಕ್ಕೋರು ಪಾಠ ಮಾಡುವುದಿಲ್ಲ, ಟಿವಿ ಹಚ್ಚಿ ಸುಮ್ಮನೆ ತಿರುಗಾಡುತ್ತಾರೆ ಎಂದು ಅವರು ದೂರು ಕೊಟ್ಟಿದ್ದರು. ಹೆಡ್‌ಮಾಸ್ತರು ಕೆಟ್ಟವರಲ್ಲ. "ಶನಿವಾರ ಸಮಿತಿಯವರು ಕ್ಲಾಸ್ ನೋಡಾಕ ಬರ್ತಾರ್ರಿ. ಅವರಿಗೆ ಒಪ್ಪಿಗಿ ಆಗಲಿಲ್ಲಂದ್ರ ಸೋಮವಾರದಿಂದ ಬಾಯಾರು ರಜಾ ಮ್ಯಾಲೆ ಹೋಗಬೇಕಾಗತೈತಿ. ನನ್ನ ಕೈಯಾಗ ಉಳಿಯೂದಿಲ್ಲ" ಎಂದರು. ನಾನು ಶನಿವಾರದ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಸಮಿತಿಯವರಿಗೆ ಹೇಳಬೇಕಾದ ಭಾಷಣ ಮನಸ್ಸಿನಲ್ಲೇ ಕಟ್ಟುತ್ತಿದ್ದೆ. ಬಿಸಿಬಿಸಿ ಭಾಷಣ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಸುಮಿತ್ರಾ ಒಂಬತ್ತನೆಯ ತರಗತಿ ಮುಗಿಸಿ ಬಂದಿದ್ದರು. ಇನ್ನೆಷ್ಟು ದನಿ ಉಳಿದಿದೆ ಎಂದು ಕೇಳಿದೆ. ಎರಡು ಬೆರಳು ತೋರಿಸಿದರು. ಎರಡೇ ನಿಮಿಷ!

ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ತರು, ಮಲ್ಲಪ್ಪ, ಸಮಿತಿಯ ಇನ್ನಿಬ್ಬರು, ಪಕ್ಕದಲ್ಲಿ ನಾನು. ಮಲ್ಲಪ್ಪ ತಲೆಗೆ ರುಮಾಲು ಸುತ್ತಿದ ಗಟ್ಟಿ ಆಳು. ಕೂತವರೇ ನೇರವಾಗಿ ಕೇಳಿದರು: "ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ನೀವ ಬಾಯಿಬಿಟ್ಟು ಹೇಳ್ರಿ, ಟೀವಿ ಹಚ್ಚೂದಕ್ಕ ಪಾಠ ಅಂತಾರೇನ್ರಿ?" ಇದ್ದ ಎರಡು ನಿಮಿಷದಲ್ಲಿ ಅವರು ಎಲ್ಲವನ್ನೂ ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಕೈ ಮುಗಿದು, "ಕ್ಲಾಸ್ ನೋಡ್ರಿ" ಎಂದು ಬೋರ್ಡಿನ ಮೇಲೆ ಬರೆದರು. ನಾನು ತಡೆಯದೆ ಎದ್ದು ನಿಂತೆ. ಅವರು ನನ್ನತ್ತ ನೋಡಿ, ಕೂಡ್ರಿ ಎಂದು ಕೈಸನ್ನೆ ಮಾಡಿದರು. ನನ್ನ ಭಾಷಣ ನನ್ನೊಳಗೇ ಉಳಿಯಿತು.

ಅಂದಿನ ಪಾಠ ಸಮರೂಪ ತ್ರಿಭುಜಗಳದ್ದು. ನೆರಳು ಅಳೆದು ಎತ್ತರ ಕಂಡುಹಿಡಿಯುವ ಲೆಕ್ಕ. ವಿಡಿಯೊ ಮುಗಿದ ಮೇಲೆ ಅವರು ಬೋರ್ಡಿನ ಮೇಲೆ ಬರೆದರು: ಒಂದೂವರೆ ಮೀಟರಿನ ಕೋಲಿನ ನೆರಳು ಎರಡು ಮೀಟರು. ಅದೇ ಹೊತ್ತಿಗೆ ಊರ ನೀರಿನ ಟಾಕಿಯ ನೆರಳು ಹದಿನಾರು ಮೀಟರು. ಟಾಕಿಯ ಎತ್ತರ ಎಷ್ಟು? ಭಾಗ್ಯಶ್ರೀಯನ್ನು ಬೋರ್ಡಿಗೆ ಕರೆದರು. ಅಪ್ಪ ಹಿಂದೆ ಕೂತಿದ್ದಾನೆಂಬ ಅಂಜಿಕೆಯಲ್ಲಿ ಹುಡುಗಿ ಭಾಗಾಕಾರವನ್ನು ತಲೆಕೆಳಗು ಮಾಡಿದಳು. ಉತ್ತರ ಇಪ್ಪತ್ತೊಂದು ಮೀಟರು ದಾಟಿತು. ಹಿಂದಿನಿಂದ ಮಲ್ಲಪ್ಪ, "ಲೇ, ತಪ್ಪ್ಯಾಳ ನೋಡ್ರಿ, ಏನ್ ಕಲ್ತಾಳ ಇಕಿ!" ಎಂದರು. ಅವರಿಗೆ ಲೆಕ್ಕ ಗೊತ್ತಿತ್ತು ಅಂತಲ್ಲ, ಉಳಿದ ಮಕ್ಕಳ ಮುಖ ನೋಡಿ ತಿಳಿದುಕೊಂಡಿದ್ದರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಬರೆದದ್ದನ್ನೆಲ್ಲ ಅಂಗೈಯಿಂದ ಒರೆಸತೊಡಗಿದಳು.

ಆಗ ಸುಮಿತ್ರಾ ಸ್ಟಾಪ್‌ವಾಚ್ ಒತ್ತಿ ಮಾತಾಡಿದರು.

"ಭಾಗ್ಯಾ, ಅಳಿಸಬ್ಯಾಡವಾ. ತಪ್ಪು ಇರ್ಲಿ, ಅದರ ಸಂಗಾಟ ಮಾತಾಡೂಣು. ಕೋಲು ದೊಡ್ಡದೋ, ಅದರ ನೆಳ್ಳು ದೊಡ್ಡದೋ?"

ಒಡಕು ದನಿ, ಬಹಳ ಸಣ್ಣದು. ಹೊರಗೆ ರಸ್ತೆಯಲ್ಲಿ ಟ್ರ್ಯಾಕ್ಟರು ಹೋಗಿದ್ದರೆ ಆ ದನಿ ಕೇಳುತ್ತಲೇ ಇರಲಿಲ್ಲ. ಉಳಿದ ಮೂವತ್ತು ಮಕ್ಕಳು ಮುಂದಕ್ಕೆ ಬಾಗಿ ಕೇಳುತ್ತಿದ್ದರು.

"ನೆಳ್ಳು ದೊಡ್ಡದ್ರಿ" ಎಂದಳು ಹುಡುಗಿ.

"ಹಂಗಾದ್ರ ನಿನ್ನ ಟಾಕಿ ತನ್ನ ನೆಳ್ಳಿಗಿಂತ ಎತ್ತರ ಹ್ಯಾಂಗ ಬೆಳೀತು? ಅವಸರಿಲ್ಲ. ನಿಂತು ವಿಚಾರ ಮಾಡು. ನಾ ಇಲ್ಲೇ ಅದೀನಿ."

ಹುಡುಗಿ ಮೂಗು ಒರೆಸಿಕೊಂಡು ಬೋರ್ಡು ನೋಡಿದಳು. ಕೋಲಿನ ಲೆಕ್ಕದ ಮೇಲೆ ಬೆರಳು ಆಡಿಸಿದಳು. ಆಮೇಲೆ, "ಅಯ್ಯ, ಉಲ್ಟಾ ಬರದೇನ್ರಿ ಅಕ್ಕೋರ!" ಎಂದು ತಾನೇ ನಕ್ಕು, ತಪ್ಪಿನ ಕೆಳಗೇ ಹೊಸದಾಗಿ ಬರೆದಳು. ಹನ್ನೆರಡು ಮೀಟರು. ಅಷ್ಟೇ ಅಲ್ಲ, ಹಿಂದೆ ತಿರುಗಿ ಅಪ್ಪನಿಗೆ, "ಎಪ್ಪಾ, ಮೊದಲ ಎಲ್ಲಿ ತಪ್ಪಿತ್ತು ಹೇಳ್ಲೇನು?" ಎಂದು ಕೇಳಿ ಎರಡೂ ಉತ್ತರಗಳತ್ತ ಬೊಟ್ಟು ಮಾಡಿ ವಿವರಿಸಿದಳು. ಮಲ್ಲಪ್ಪ ತಲೆಯಾಡಿಸುತ್ತ ಕೇಳಿದರು. ಭಾಗ್ಯಶ್ರೀಯ ಪಕ್ಕ ನಿಂತು ಇನ್ನೊಂದು ಲೆಕ್ಕ ಮಾತಾಡಿ ಮುಗಿಸುವಷ್ಟರಲ್ಲಿ ಸುಮಿತ್ರಾ ಅವರ ದನಿಯ ಲೆಕ್ಕ ಆ ದಿನಕ್ಕೆ ಮುಗಿದಿತ್ತು. ಗಂಟೆ ಹೊಡೆಯುವವರೆಗೂ ಅವರು ಪೆನ್ಸಿಲು ಹಿಡಿದು ಸಾಲುಸಾಲು ತಿರುಗಿದರು.

ಆಮೇಲೆ ಹೆಡ್‌ಮಾಸ್ತರರ ಕೋಣೆಯಲ್ಲಿ ಚಹಾ ಬಂತು. ಹೆಡ್‌ಮಾಸ್ತರು ಡಾಕ್ಟರ ಚೀಟಿಯನ್ನು ಸಮಿತಿಯವರ ಮುಂದಿಟ್ಟು ಓದಿ ಹೇಳಿದರು. ಮಲ್ಲಪ್ಪ ನನ್ನತ್ತ ತಿರುಗಿದರು. "ಅಕ್ಕೋರ ಹಂತ್ಯಾಕ ದನಿ ಎಷ್ಟ ಉಳದಿತ್ತರಿ?" ಎರಡು ನಿಮಿಷ ಎಂದೆ. ಅವರು ಚಹಾದ ಬಸಿಯನ್ನು ಕೆಳಗಿಟ್ಟರು.

"ನಾ ಅವರ ಮ್ಯಾಲೆ ದೂರು ಹೇಳಿದಾಂವ. ನನಗ ಉತ್ತರ ಕೊಡಾಕ ಒಂದು ಮಾತೂ ಖರ್ಚ ಮಾಡಲಿಲ್ಲ. ಇದ್ದದ್ದೆಲ್ಲಾ ನನ್ನ ಮಗಳಿಗೆ ಕೊಟ್ರು" ಎಂದರು. ಆಮೇಲೆ ಹೆಡ್‌ಮಾಸ್ತರರತ್ತ ತಿರುಗಿ, "ಟೀವಿ ಹಚ್ಚಲಿ ಬಿಡ್ರಿ ಸರ. ಅವರ ದನಿ ಇಂಥಾದ್ದಕ್ಕ ಉಳೀಲಿ" ಎಂದರು. ಹೆಡ್‌ಮಾಸ್ತರು ರಜೆಯ ಅರ್ಜಿಯ ಹಾಳೆಯನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದರು.

ಸುಮಿತ್ರಾ ಆ ವರ್ಷ ಒಂದು ದಿನವೂ ತರಗತಿ ಬಿಡಲಿಲ್ಲ. ಪರೀಕ್ಷೆಯ ಹೊತ್ತಿಗೆ ಡಾಕ್ಟರು ಅರ್ಧ ತಾಸು ಮಾತಿಗೆ ಒಪ್ಪಿಗೆ ಕೊಟ್ಟರು. ಹಳೆಯ ಗಟ್ಟಿ ದನಿ ಮಾತ್ರ ತಿರುಗಿ ಬರಲೇ ಇಲ್ಲ. ಮರುವರ್ಷ ಟಿಕೋಟಾದ ತರಬೇತಿಗೆ ಅವರನ್ನೇ ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ಕಲಿಸುವವರಾಗಿ, ಕರೆದೆ. ನಲವತ್ತು ಶಿಕ್ಷಕರು ಯಾವ ಆ್ಯಪು, ಯಾವ ಮೊಬೈಲು ಎಂದು ಕೇಳಲು ಪೆನ್ನು ಹಿಡಿದು ಕೂತಿದ್ದರು. ಅವರು ಪರದೆಯ ಮೇಲೆ ಒಂದೇ ಪ್ರಶ್ನೆ ಹಾಕಿದರು: "ನಿಮಗ ದಿನಕ್ಕ ಹತ್ತು ಮಿನಿಟಿನ ದನಿ ಅಷ್ಟ ಇದ್ರ, ಯಾವ ಮಾತು ಆಡತೀರಿ? ಬರೀರಿ."

ಒಬ್ಬ ಹಿರಿಯ ಮಾಸ್ತರರು ಬೇಗ ಬರೆದು ಮುಗಿಸಿ, "ನನ್ನ ಹತ್ತೂ ಮಿನಿಟು ‘ಸುಮ್ನ ಕೂಡ್ರಿ’ ಅನ್ನೂದರಾಗ ಹೋಗ್ತಾವಲ್ಲರಿ ಬಾಯಾರ!" ಎಂದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಪೆನ್ನುಗಳು ಹಾಳೆಯ ಮೇಲೇ ನಿಂತವು. ನಾನೂ ಒಂದು ಹಾಳೆ ತೆಗೆದುಕೊಂಡಿದ್ದೆ. ಇಷ್ಟು ವರ್ಷ ನೂರಾರು ಜನಕ್ಕೆ ಯಂತ್ರ ಹಚ್ಚುವುದನ್ನು ಕಲಿಸಿದೆ. ಯಂತ್ರ ಹಚ್ಚಿ ಉಳಿದ ಹೊತ್ತನ್ನು ಯಾವ ಮಗುವಿನ ಪಕ್ಕ ಕೂತು ಕಳೆಯುತ್ತೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ, ಅದೂ ನಿವೃತ್ತಿ ಹತ್ತಿರ ಬಂದಾಗ. ಆ ಹಾಳೆಯ ಮೇಲೆ ಏನು ಬರೆಯಬೇಕೆಂದು ಅಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಬಂದು ನಿಂತ ಸುಮಿತ್ರಾ ಖಾಲಿ ಹಾಳೆ ನೋಡಿ, ತಮ್ಮ ಆ ದಿನದ ದನಿಯಲ್ಲಿ ಒಂದಿಷ್ಟನ್ನು ನನಗೆ ಕೊಟ್ಟರು: "ಅವಸರಿಲ್ಲ ಸರ, ವಿಚಾರ ಮಾಡ್ರಿ."