ಬಿಟ್ಟ ಸ್ಥಳ ತುಂಬಿರಿ

ಡಲ್ಲಸ್ ಪಕ್ಕದ ರಿಚರ್ಡ್‌ಸನ್ನಿನ ಡಾಕ್ಟರ್ ವೆಂಕಟಗಿರಿಯವರು ಅರಿವಳಿಕೆ ತಜ್ಞರು. ಕೆಲಸದಲ್ಲಿದ್ದಷ್ಟು ಕಾಲ ಜನರ ಪ್ರಜ್ಞೆ ತಪ್ಪಿಸಿ ಸಂಬಳ ಪಡೆದರು. ನಿವೃತ್ತರಾದ ಮೇಲೆ ಕನ್ನಡ ಸಂಘದ ವೇದಿಕೆಯಲ್ಲಿ ಹಳೆಯ ಚೀನೀ ಕವಿತೆಗಳ ಬಗ್ಗೆ ಭಾಷಣ ಮಾಡುತ್ತ ಅದೇ ಸೇವೆಯನ್ನು ಉಚಿತವಾಗಿ ಮುಂದುವರಿಸಿದರು. ಹೆಂಡತಿಯ ಹೆಸರು ಇಂದುಮತಿ. ಇವರದು ಮಾತ್ರ ಸದಾ ನಾಳೆ-ಮತಿ. ಎಲ್ಲಿಗೆ ಹೊರಟರೂ ಇಂದುಮತಿಯವರು ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಾಗಿರುತ್ತಿತ್ತು. ಇವರಿನ್ನೂ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿರುತ್ತಿದ್ದರು.

ಚೀನೀ ಹುಚ್ಚು ಹತ್ತಿಸಿದ್ದು ಹೆಂಡತಿಯೇ. ಸೀನಿಯರ್ ಸೆಂಟರಿನಲ್ಲಿ ಲಿನ್ ಎಂಬ ಚೀನೀ ಟೀಚರ್ ಬಳಿ ಚಿತ್ರ ಕಲಿತು, ಒಂದು ದಿನ ತೆಳ್ಳನೆಯ ಕಾಗದದ ಮೇಲೆ ವಸಂತಕಾಲವನ್ನೇ ಹೊತ್ತು ತಂದರು. ಮಂಜು ಮುಸುಕಿದ ಬೆಟ್ಟ (ಡಲ್ಲಸ್ಸಿನಲ್ಲಿ ಬೆಟ್ಟ ಬೇಕೆಂದರೆ ನಾವೇ ಬರೆದುಕೊಳ್ಳಬೇಕು), ಆಗತಾನೆ ಚಿಗುರಿದ ವಿಲೋ ಮರ, ದಡಕ್ಕೆ ಕಟ್ಟಿದ ಖಾಲಿ ದೋಣಿ. ಮೇಲುಗಡೆ ಅಂಗೈಯಗಲ ಜಾಗ ಬಿಳಿಯಾಗಿಯೇ ಉಳಿದಿತ್ತು.

“ಇಲ್ಲಿಗೆ ಬರೋಷ್ಟ್ರಲ್ಲಿ ಬಣ್ಣ ಮುಗಿದೋಯ್ತಾ?”

“ಅದು ನಿಮಗೆ ಬಿಟ್ಟಿರೋದು ರೀ. ಅವರಲ್ಲಿ ಚಿತ್ರ ನೋಡಿದೋರು ಅದರ ಮೇಲೇ ಪದ್ಯ ಬರೀತಿದ್ರಂತೆ. ಆದ್ರೆ ಚಿತ್ರದಲ್ಲಿ ಕಾಣೋದನ್ನ ಬರೀಬಾರ್ದು. ಕಾಣದೇ ಇರೋದನ್ನ ಬರೀಬೇಕು.”

“ನಾಳೆ ಬರೀತೀನಿ.”

ಆ ಕಾಗದ ಮಸಿಯನ್ನು ಸೋಕಿದೊಡನೆ ಕುಡಿದುಬಿಡುತ್ತದೆ, ತಿದ್ದುವಂತಿಲ್ಲ. ಇವರದೋ ಔಷಧದಂಗಡಿಯವರು ಮಾತ್ರ ಓದಬಲ್ಲ ಅಕ್ಷರ. ರದ್ದಿ ಕಾಗದದ ಮೇಲೆ ಬರೆದು ನೋಡಿದ ಪದ್ಯಗಳಲ್ಲೆಲ್ಲ ಬೆಟ್ಟವೋ ದೋಣಿಯೋ ನುಸುಳುತ್ತಿತ್ತು. ಹೆದ್ದಾರಿಯ ಬದಿಯಲ್ಲಿ ವಸಂತಕ್ಕೊಮ್ಮೆ ಅರಳುವ ನೀಲಿ ಹೂವು ಎರಡು ಸಲ ಬಂದು ಹೋಯಿತು. ಮೂರನೆಯ ಸಲ ಬಂದಾಗ ಗಂಡಹೆಂಡಿರು ಹ್ಯೂಸ್ಟನ್ನಿನ ಆಸ್ಪತ್ರೆಯ ದಾರಿಯಲ್ಲಿದ್ದರು. ಇಂದುಮತಿಯವರ ಮೇದೋಜೀರಕದಲ್ಲಿ ಗಡ್ಡೆ. ಕೆಲವು ತಿಂಗಳು ಓಡಾಡಿಸಿದ ಮೇಲೆ ಅಲ್ಲಿಯ ಡಾಕ್ಟರು, “ಇನ್ನು ಮನೆಯಲ್ಲೇ ಆರಾಮವಾಗಿರಲಿ” ಎಂದರು. ಆ ಮಾತಿನ ಅರ್ಥವನ್ನು ವೆಂಕಟಗಿರಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಡುಮನೆಗೆ ಆಸ್ಪತ್ರೆಯ ಮಂಚ ಬಂತು. ಎದುರಿಗೆ ಚಿತ್ರ ಬೇಕೆಂದರು ಇಂದುಮತಿ. “ಪದ್ಯ ನಾನು ಓದಬೇಕು ರೀ. ಬೇಗ.”

ಗಂಜಿ, ಸಿರಪ್ಪು, ಅರಿಶಿನದ ಹಾಲು ಎಲ್ಲ ಓಡಾಡುವ ಜಾಗ. ಒಂದು ತೊಟ್ಟು ಸಿಡಿದರೂ ಚಿತ್ರ ಹಾಳು. ಮಾರ್ಕ್ಸ್ ಕಾರ್ಡಿನಿಂದ ಮನೆದೇವರ ಫೋಟೋವರೆಗೆ ಬೆಲೆಬಾಳುವುದನ್ನೆಲ್ಲ ನಮ್ಮವರು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ ತಂದರು.

ದೀಪದ ಬೆಳಕಿಗೆ ಬೆಟ್ಟ ಫಳಫಳ ಹೊಳೆಯಿತು. ಇಂದುಮತಿಯವರು ತುಂಬ ಹೊತ್ತು ನೋಡಿದರು.

“ಏನ್ ಮಾಡಿಬಿಟ್ರಿ?”

“ಹಾಳಾಗ್ಬಾರ್ದು ಅಂತ, ಇಂದೂ.”

“ಮಸಿ ಎಲ್ಲಿ ಇಳಿಯತ್ತೆ ಇನ್ನ?”

ವೆಂಕಟಗಿರಿಯವರು ಅಂಚು ಕೆದಕಿ ನೋಡಿದರು. ಪ್ಲಾಸ್ಟಿಕ್ಕಿನ ಜೊತೆ ಕಾಗದದ ಚೂರೂ ಕಿತ್ತು ಬಂತು, ಕೈಬಿಟ್ಟರು. ಅಂದಿನಿಂದ ಆಕೆ ಪದ್ಯದ ಮಾತೆತ್ತಲಿಲ್ಲ. ಆಮೇಲಾಮೇಲೆ ಯಾವ ಮಾತನ್ನೂ ಅಷ್ಟಾಗಿ ಎತ್ತಲಿಲ್ಲ.

ಒಂದು ಮಧ್ಯಾಹ್ನ ಉಸಿರಿನ ಲಯ ಬದಲಾಯಿತು. ಆ ಲಯ ವೆಂಕಟಗಿರಿಯವರಿಗೆ ಗೊತ್ತು. ಮನೆಗೆ ಬರುವ ನರ್ಸು ಔಷಧದ ಹೊತ್ತು ಗುರುತು ಹಾಕುವ ಬಿಳಿ ಹಲಗೆಯ ಮಾರ್ಕರನ್ನೇ ಕಿತ್ತುಕೊಂಡು, ಮೊದಲ ಬಾರಿಗೆ ಯೋಚಿಸದೆ, ಪ್ಲಾಸ್ಟಿಕ್ಕಿನ ಮೇಲೆ ಬರೆದರು. ಮಂಚದ ಮೇಲೆ ಬಗ್ಗಿ ಓದಿದರು:

ದಡದಾಚೆ ಯಾರೋ ಕೆಮ್ಮಿದ ಸದ್ದು,
ನೀರಿಗಿನ್ನೂ ಮಾಘದ ಚಳಿ.
ಹಗ್ಗ ಬಿಚ್ಚಬೇಡ, ಇರು,
ನನ್ನ ಚಪ್ಪಲಿ ಸಿಗುತ್ತಿಲ್ಲ.

ಇಂದುಮತಿಯವರ ಕಣ್ಣು ಅರ್ಧ ತೆರೆದಿತ್ತು. ಕೇಳಿಸಿತೋ ಇಲ್ಲವೋ. ಎಷ್ಟೋ ಸಾವಿರ ಜನರಿಗೆ ಇನ್ನು ಏನೂ ಕೇಳಿಸುವುದಿಲ್ಲ ಎಂದು ಖಚಿತವಾಗಿ ಹೇಳಿದ್ದ ಡಾಕ್ಟರಿಗೆ ಇದೊಂದು ತಿಳಿಯಲಿಲ್ಲ. ಸಂಜೆಯೊಳಗೆ ಉಸಿರು ನಿಂತಿತು.

ಸೂತಕ ಕಳೆಯುವ ದಿನ ಹತ್ತಿರದ ಲಿಟಲ್ ಎಲ್ಮ್‌ನಿಂದ ವೈದೇಹಿ ಬಂದಳು. ಸಂಘದ ಹುಡುಗಿ, ಕೆಲಸಕ್ಕೆ ರಜೆ ಹಾಕಿ ಬಂದವಳು. ಪುರೋಹಿತರು ಬರುವ ಮೊದಲೇ ಮನೆಯನ್ನೆಲ್ಲ ಗುಡಿಸಿ, ಒರೆಸಿದಳು. ವೆಂಕಟಗಿರಿಯವರು ಸ್ನಾನ ಮಾಡಿ ಬಂದು ನೋಡುತ್ತಾರೆ: ಚಿತ್ರದ ಮೇಲ್ಗಡೆಯ ಜಾಗ ಬೆಳ್ಳಗೆ ಹೊಳೆಯುತ್ತಿದೆ.

“ಆಂಟಿ ಪೇಂಟಿಂಗ್ ಮೇಲೆ ಏನೋ ಗೀಚಿತ್ತು ಅಂಕಲ್. ಪುಣ್ಯ, ಲ್ಯಾಮಿನೇಟ್ ಆಗಿತ್ತು! ಒದ್ದೆ ಬಟ್ಟೇಲಿ ಒಂದೇ ಸಲಕ್ಕೆ ಹೋಯ್ತು.”

“ಒಳ್ಳೇದಾಯ್ತಮ್ಮ.”

ಅವಳು ಅಡಿಗೆಮನೆಗೆ ಹೋದ ಮೇಲೆ ಮಾರ್ಕರ್ ಹುಡುಕಿದರು. ಅದು ಮಂಚವಿದ್ದ ಜಾಗದ ಹತ್ತಿರವೇ, ಕಿಟಕಿಕಟ್ಟೆಯ ಮೇಲೆ, ಅವತ್ತು ಇಟ್ಟ ಹಾಗೆಯೇ ಮುಚ್ಚಳವಿಲ್ಲದೆ ಬಿದ್ದಿತ್ತು. ಬಿಳಿಯ ಮೇಲೆ ಒತ್ತಿ ಎಳೆದರು. ಕೀಚೆಂದಿತು, ಗೆರೆ ಮೂಡಲಿಲ್ಲ. ಮತ್ತೆ ಎಳೆದರು.

“ಏನಾದ್ರೂ ಬೇಕಿತ್ತಾ ಅಂಕಲ್?” ವೈದೇಹಿ ಇಣುಕಿದಳು.

ಮಾರ್ಕರನ್ನು ಬೆನ್ನ ಹಿಂದೆ ಹಿಡಿದುಕೊಂಡರು. “ಚಪ್ಪಲಿ,” ಎಂದರು.

“ಬಾಗಿಲ ಹತ್ರಾನೇ ಇದೆ ಅಂಕಲ್. ಜೋಡಿಸಿ ಇಟ್ಟಿದೀನಿ, ನೋಡಿ.”