ಹೋದ ದಿನವೇ ಮರಳುವ ಪ್ರವಾಸಗಳು

ಮೊನ್ನೆ ಬಾದಾಮಿಗೆ ಹೋಗುವ ಗಾಡಿಯಲ್ಲಿ ಎದುರಿಗೆ ಕೂತಿದ್ದ ಹೆಂಗಸು ಬುತ್ತಿಗಂಟು ಬಿಚ್ಚಿದಳು. ಎಳ್ಳು ಹಚ್ಚಿದ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಅದರ ಮೇಲೆ ಒಂದಿಷ್ಟು ಕುಸುಬೆ ಎಣ್ಣೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ಬಾಯಲ್ಲಿ ನೀರೂರಿತು, ಕಣ್ಣಲ್ಲೂ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ನಮ್ಮ ಅಜ್ಜನ ಮನೆಯ ಅಡುಗೆಮನೆ, ಬೇಸಿಗೆ ಸೂಟಿಯ ಮುಂಜಾನೆಗಳಲ್ಲಿ, ಹೀಗೇ ಘಮ್ಮೆನ್ನುತ್ತಿತ್ತು. ಆ ವಾಸನೆ ಬಂತೆಂದರೆ ಅವತ್ತು ಎಲ್ಲಿಗೋ ಹೊರಡುವುದಿದೆ ಎಂದು ಅರ್ಥ. ನಾವು ಮೊಮ್ಮಕ್ಕಳು ನಾಲ್ವರೂ ಯಾರೂ ಎಬ್ಬಿಸದೆಯೇ ಎದ್ದು ಕೂತಿರುತ್ತಿದ್ದೆವು. ಸಾಲೆಯ ದಿನಗಳಲ್ಲಿ ನಮ್ಮನ್ನು ಎಬ್ಬಿಸಲು ತಂಬಿಗೆ ನೀರು ಬೇಕಾಗುತ್ತಿತ್ತು, ಅದು ಬೇರೆ ಮಾತು.

ಅಜ್ಜ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸುವುದು, ಯಾವುದು ಎಲ್ಲಿಗೆ ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ನಿವೃತ್ತನಾದ ಮೇಲೆ ಬಿಡಿಸಲು ಬಸ್ಸಿಲ್ಲದೆ ನಮ್ಮನ್ನು ಬಿಡಿಸತೊಡಗಿದ. ಸೂಟಿ ಶುರುವಾದ ಮೊದಲ ಸಂಜೆಯೇ ಗೋಡೆಯ ಕ್ಯಾಲೆಂಡರು ಮಂಚದ ಮೇಲೆ ಬರುತ್ತಿತ್ತು. ನಾವು ಸುತ್ತ ಬೋರಲು ಮಲಗಿ ನೋಡುತ್ತಿದ್ದೆವು, ಅವನು ಹಾಳೆಯ ಹಿಂಬದಿಗೆ ಪ್ರವಾಸ ಬರೆಯುತ್ತಿದ್ದ. ಬಾದಾಮಿಗೆ ರೈಲು, ಗುಹೆ ಹತ್ತಲು ಇಂತಿಷ್ಟು ಹೊತ್ತು, ಕೋತಿಗಳಿಗೆ ಬೈಯಲು ಐದು ನಿಮಿಷ. ಅಲ್ಲಿಂದ ಟೆಂಪೋ ಹಿಡಿದು ಮಹಾಕೂಟ. ಹೊಂಡದಲ್ಲಿ ಈಜು ನಲವತ್ತು ನಿಮಿಷ, ತಲೆ ಒರೆಸಲು ಹತ್ತು. ಹೊಂಡದಿಂದ ಮೇಲೇಳದವರನ್ನು ಅವನು ಹೆಸರು ಹಿಡಿದು ಕೂಗುತ್ತಿದ್ದ ರೀತಿಗೆ, ಪೂಜೆಗೆ ಬಂದವರೂ ತಮ್ಮ ಬಸ್ಸು ಹೊರಟಿತೆಂದು ಗಾಬರಿಯಾಗುತ್ತಿದ್ದರು. ಅವನ ಸರ್ವಿಸಿನ ಗುಟ್ಟೊಂದಿತ್ತು: ಅಮಾವಾಸ್ಯೆಗೆ ದೇವರಿಗೆ ಹೋಗುವ ಮಂದಿ ಹೆಚ್ಚು, ಹಾಗಾಗಿ ಬಸ್ಸೂ ಹೆಚ್ಚು. ನಮ್ಮ ಒಳ್ಳೊಳ್ಳೆಯ ಪ್ರವಾಸಗಳೆಲ್ಲ ಅಮಾವಾಸ್ಯೆಗೇ ಬೀಳುತ್ತಿದ್ದವು. ಮತ್ತೆ ಒಂದು ಕಾನೂನು, ಅದಕ್ಕೆ ತಿದ್ದುಪಡಿಯೇ ಇಲ್ಲ. "ಹೋದ ದಿನಾನ ಬರಬೇಕು. ದೀಪ ಹಚ್ಚೂದ್ರಾಗ ಎಲ್ಲಾರೂ ಮನಿಯೊಳಗ."

ಈ ಕಾನೂನಿಗೆ ಎಲ್ಲರಿಗಿಂತ ಹೆಚ್ಚು ತಲೆಬಾಗಿದವಳು ಅಜ್ಜಿ. ಅವಳು ಇಳಕಲ್ಲಿನ ನೇಕಾರರ ಮನೆಯ ಮಗಳು. ತವರೇನು ದೂರವಲ್ಲ, ಹುನಗುಂದ ದಾಟಿದರೆ ಆಯಿತು. ಆದರೆ ತಾಯಿ ತೀರಿದ ಮೇಲೆ ಅವಳು ಅಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ಮದುವೆಯಿರಲಿ, ತೊಟ್ಟಿಲಿರಲಿ, ಊಟದ ಕೈ ಆರುವ ಮೊದಲೇ ಅಜ್ಜ ಗಡಿಯಾರ ನೋಡುತ್ತಿದ್ದ, ಅವಳು ಏಳುತ್ತಿದ್ದಳು. ಆ ವರ್ಷ ಅವಳ ಅಣ್ಣನಿಂದ ಹೇಳಿಕೆ ಬಂತು. ಕಾಲು ಸೋತಿವೆ, ಇನ್ನು ಮಗ್ಗ ತುಳಿಯಲಾಗದು, ಇದೊಂದು ಸೀರೆ ನೇದು ಮಗ್ಗವನ್ನೇ ಬಿಚ್ಚಿಬಿಡುತ್ತೇನೆ, ಕೊಂಡಿ ಮಾತ್ರ ತಂಗಿ ಬಂದು ಹಾಕಲಿ ಎಂದು. ಇಳಕಲ್ ಸೀರೆಯ ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಮದುವೆಯಾಗುವವರೆಗೂ ಆ ಮನೆಯ ಸೀರೆಗಳಿಗೆಲ್ಲ ಅವಳೇ ಕೊಂಡಿ ಹಾಕಿದವಳು. ಹೇಳಿಕೆ ಬಂದ ದಿನದಿಂದ ಅಜ್ಜಿ ರೊಟ್ಟಿ ಬಡಿಯುವಾಗಲೂ ಹಾಡು ಗುನುಗುತ್ತಿದ್ದಳು. ಅಜ್ಜ ಕ್ಯಾಲೆಂಡರು ತೆಗೆದ, ದಿನ ಗೊತ್ತು ಮಾಡಿದ.

ಇಳಕಲ್ಲಿನ ಆ ಓಣಿಗೆ ಕಾಲಿಟ್ಟಾಗ ಅಜ್ಜಿ ನಡು ಬೀದಿಯಲ್ಲೇ ನಿಂತುಬಿಟ್ಟಳು. ಎಲ್ಲೂ ಮಗ್ಗದ ಸದ್ದಿಲ್ಲ. ಬಾಗಿಲಲ್ಲಿ ಕೂತಿದ್ದ ಅವಳ ಅಣ್ಣ, ನಾವು ಇಳಕಲ್ ಅಜ್ಜ ಎನ್ನುತ್ತಿದ್ದವನು, ಕೈ ಹಿಡಿದು ಒಳಗೆ ಕರೆದುಕೊಂಡ.

"ತಂಗೆವ್ವಾ, ಇವತ್ತ ಅಮಾಸಿ ಅಲ್ಲೇನ? ಅಮಾಸಿ ದಿನ ಮಗ್ಗ ಮುಟ್ಟಾಂಗಿಲ್ಲ."

ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ಅಂಚಿಗೆ ಅಜ್ಜಿ ಕೂತಳು. "ಮಗ್ಗದ ಮನಿಯಾಗ ಹುಟ್ಟಿ, ಅಮಾಸಿ ಮರತೆನಲ್ಲ ಅಣ್ಣಾ," ಎಂದಳು. ಬಸ್ಸು ತಪ್ಪಿದ್ದಕ್ಕಾಗಲಿ, ಹಾಲು ಉಕ್ಕಿದ್ದಕ್ಕಾಗಲಿ ಅವಳು ಅತ್ತದ್ದನ್ನು ನಾನು ನೋಡಿಲ್ಲ, ಅವತ್ತು ನೋಡಿದೆ. ಅಜ್ಜ ಮುಖ ಸಣ್ಣದು ಮಾಡಿಕೊಂಡು, "ನಿಂದೇನ ತಪ್ಪು? ದಿನಾ ಗೊತ್ತ ಮಾಡಿದಾಂವ ನಾ," ಎಂದ. ಅವನು ತಪ್ಪು ಒಪ್ಪಿದ್ದನ್ನೂ ನಾವು ಅವತ್ತೇ ಮೊದಲು ಕೇಳಿದ್ದು. ಮಗ್ಗ ಇದಕ್ಕೇ ಕಾದು ನಿಂತಿದೆ, ನಾಳೆ ಮುಂಜಾನೆ ಕೊಂಡಿ ಬೀಳಲೇಬೇಕು, ಪಕ್ಕದ ಮನೆಯವರಿಂದ ಹಾಕಿಸುತ್ತೇನೆ ಬಿಡು ಎಂದು ಇಳಕಲ್ ಅಜ್ಜ ಸಮಾಧಾನ ಹೇಳಿದ. ಆಮೇಲೆ ಹೋಳಿಗೆ ಉಂಡೆವು. ಹೋಳಿಗೆಯ ರುಚಿ ನೆನಪಿದೆ, ಅಜ್ಜಿ ತಿನ್ನದೆ ನನ್ನ ತಟ್ಟೆಗೆ ಹಾಕಿದ್ದೂ ನೆನಪಿದೆ.

ಬಸ್ಸಿನ ಹೊತ್ತಾಯಿತು. ಅಜ್ಜ ಎದ್ದ, ನಾವು ಚಪ್ಪಲಿ ಮೆಟ್ಟಿದೆವು. ಅಜ್ಜಿ ಏಳಲಿಲ್ಲ.

"ನಾ ಬರಾಂಗಿಲ್ರಿ," ಎಂದಳು, ಸಣ್ಣ ದನಿಯಲ್ಲಿ. "ನೀವು ಹುಡುಗರನ್ನ ಕರಕೊಂಡು ಹೋಗ್ರಿ. ನಾಳಿ ಕೊಂಡಿ ಹಾಕಿನ ಬರ್ತೇನಿ."

ಅಜ್ಜ ಹೊರಗಿನ ಕಟ್ಟೆಗೆ ಹೋಗಿ ನಿಂತ. ಬಿರುಗಾಳಿ ಏಳುತ್ತದೆ ಎಂದು ನಾವು ಒಬ್ಬರಿಗೊಬ್ಬರು ಅಂಟಿಕೊಂಡೆವು. ಅವನು ತಿರುಗಿ ಬಂದು, ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಹಳೆಯ ಮೈಕಿನ ದನಿಯಲ್ಲಿ ಕೂಗಿದ: "ಪ್ರಯಾಣಿಕರ ಗಮನಕ್ಕೆ! ಇಳಕಲ್ಲಿನಿಂದ ಹುನಗುಂದ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಬಸ್ಸು ಇಂದು ರದ್ದಾಗಿದೆ!"

ನಾವು ಹೋ ಎಂದು ಕಿರುಚಿದ್ದಕ್ಕೆ ಓಣಿಯ ಮಂದಿಯೆಲ್ಲ ಬಂದು ಇಣುಕಿದರು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ, ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಅವಳ ಬೆರಳು ಮೊದಮೊದಲು ಮಾತು ಕೇಳಲಿಲ್ಲ. ನಾಲ್ಕು ಸಲ ಎಳೆ ಜಾರಿತು. ಆಮೇಲೆ ಒಮ್ಮೆ ದಾರಿ ಸಿಕ್ಕಿತು ನೋಡಿ, ಮತ್ತೆ ತಲೆ ಎತ್ತಲಿಲ್ಲ. ಎದುರಿಗೆ ಅಜ್ಜ ರೇಷ್ಮೆ ಎಳೆಗಳ ಕಟ್ಟು ಹಿಡಿದು ಕೂತಿದ್ದ. "ಸಡ್ಲ ಬಿಡಬ್ಯಾಡ್ರಿ," "ಈಗ ಬಿಡ್ರಿ," ಎಂದು ಅವಳು ಹೇಳಿದಂತೆ ಕೇಳುತ್ತಿದ್ದ. ಬಿಸಿಲು ಏರಿ ಕೊನೆಯ ಎಳೆ ಕೂಡಿದಾಗ ಅವಳು ಆ ಕೆಂಪು ಸೆರಗಿನ ಎಳೆಗಳ ಮೇಲೆ ಒಮ್ಮೆ ಅಂಗೈ ಆಡಿಸಿದಳು, ಅಷ್ಟೇ.

ಈಗ ಆ ಮಗ್ಗವೂ ಇಲ್ಲ, ಇಳಕಲ್ ಅಜ್ಜನೂ ಇಲ್ಲ. ಅಜ್ಜ ಹೋದ, ಅವನ ಬೆನ್ನಿಗೇ ಅಜ್ಜಿಯೂ ಹೋದಳು. ವಿದ್ಯಾಗಿರಿಯ ಮನೆಯಿದ್ದ ಜಾಗದಲ್ಲಿ ಹುಡುಗಿಯರ ಹಾಸ್ಟೆಲ್ಲಿದೆ. ಅವರನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಕೊಂಡಿ ಹಾಕಿ ಹೊರಟ ಆ ಮಧ್ಯಾಹ್ನದ ಇಳಕಲ್ ಬಸ್ ಸ್ಟ್ಯಾಂಡು. ಬಾಗಲಕೋಟೆಯ ಬಸ್ಸು ಬಂದು ನಿಂತಿತ್ತು. ಅಜ್ಜ ಹತ್ತಲಿಲ್ಲ. ಅಜ್ಜಿಯ ಕಡೆ ತಿರುಗಿ, ಜನ್ಮದಲ್ಲಿ ಮೊದಲ ಸಲ, "ಯಾವ ಬಸ್ಸಿಗೆ ಹೋಗೂಣು?" ಎಂದು ಕೇಳಿದ.

"ಇದು ಹೋಗ್ಲಿ ಬಿಡ್ರಿ," ಎಂದಳು ಅಜ್ಜಿ.

ಅದು ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು. ನಾವು ಮಕ್ಕಳು ಕಬ್ಬಿನ ಹಾಲು ಕುಡಿದು ಬಂದು ನೋಡಿದರೂ ಇಬ್ಬರೂ ಕಲ್ಲುಬೆಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು ಸುಮ್ಮನೆ ಕೂತೇ ಇದ್ದರು, ಏಳುವ ಲಕ್ಷಣವೇ ಇರಲಿಲ್ಲ.