ಮುಯ್ಯಿಗೆ ಬಂದ ಯಂತ್ರ

ಯಜಮಾನರ ಮೀಸೆಯ ಎಡತುದಿ ಬಲತುದಿಗಿಂತ ಅರ್ಧ ಬೆರಳಿನಷ್ಟು ಗಿಡ್ಡ. ಮೊದಲ ಸಲ ನೋಡಿದಾಗ ಇದೇನೋ ಈ ಸೀಮೆಯ ಶೋಕಿ ಇರಬೇಕೆಂದು ಗೌರವದಿಂದ ಒಪ್ಪಿಕೊಂಡಿದ್ದೆ. ಆಮೇಲೆ ತಿಳಿಯಿತು: ಕ್ಷೌರಿಕನಿಗಾಗಿ ಕಾಯುವ ತಾಳ್ಮೆಯಿಲ್ಲದೆ ಮೀಸೆಯನ್ನು ಅವರೇ ಕತ್ತರಿಸಿಕೊಳ್ಳುತ್ತಿದ್ದರು. ಕನ್ನಡಿ ನೇತುಹಾಕಿದ್ದ ಗೋಡೆಗೂ ಮನೆಯ ಏಕೈಕ ಕಿಟಕಿಗೂ ಹೊಂದಾಣಿಕೆಯಿಲ್ಲದೆ ಅವರ ಮುಖದ ಒಂದು ಪಕ್ಕ ಯಾವಾಗಲೂ ಕತ್ತಲಲ್ಲಿರುತ್ತಿತ್ತು. ಹೆಂಡತಿ ಇದ್ದಾಗ "ಸೊಟ್ಟಗಾಯ್ತು, ಇನ್ನೊಂಚೂರು ತಗೀರಿ" ಎನ್ನುತ್ತಿದ್ದರಂತೆ. ಆಕೆ ತೀರಿಕೊಂಡ ಮೇಲೆ ಹಾಗೆ ಹೇಳುವವರು ಇರಲಿಲ್ಲ. ಊರಿನವರಿಗೆ ಅದು ಅಭ್ಯಾಸವಾಗಿತ್ತು. ನಾನು ಅವರ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದ ಸರ್ಕಾರಿ ನೌಕರ. ಮಾಲೀಕರ ಮೀಸೆಯ ವಿಷಯದಲ್ಲಿ ಅಭಿಪ್ರಾಯ ಮಂಡಿಸುವ ಅಧಿಕಾರವನ್ನು ಯಾವ ಆದೇಶವೂ ನನಗೆ ದಯಪಾಲಿಸಿರಲಿಲ್ಲ.

ಅದು ಐವತ್ತರ ದಶಕದ ಕೊನೆ. ದಂಡಿಗನಹಳ್ಳಿ ಹೋಬಳಿಗೆ ಸೇರಿದ ಒಂದು ಊರಿಗೆ ನನ್ನನ್ನು ಗ್ರಾಮಸೇವಕನಾಗಿ ಕಳಿಸಿದ್ದರು. ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದವರಿಗೆ ಬೇಸಾಯ ಕಲಿಸುವುದು ನನ್ನ ಪವಿತ್ರ ಕರ್ತವ್ಯ. ಹಾಸನದ ಬಟ್ಟೆ ಅಂಗಡಿಯ ಗುಮಾಸ್ತರ ಮಗನಾದ ನಾನು ಅಲ್ಲಿಯವರೆಗೆ ರಾಗಿಯನ್ನು ಮುದ್ದೆಯ ಅವಸ್ಥೆಯಲ್ಲಿ ಮಾತ್ರ ಭೇಟಿಯಾಗಿದ್ದೆ. ಯಜಮಾನರು 'ಗ್ರಾಮ'ವನ್ನು ಕೈಬಿಟ್ಟು ನನ್ನನ್ನು "ಸೇವಕ್ರೇ" ಎಂದು ಕರೆಯುತ್ತಿದ್ದರು. ಅದರಲ್ಲಿ ಕುಹಕವೇನೂ ಇರಲಿಲ್ಲ, ಇದ್ದಿದ್ದರೂ ಅದಕ್ಕೆ ನಾನು ಅರ್ಹನಾಗಿದ್ದೆ.

ಅವರಿಗೆ ಮಕ್ಕಳಿಲ್ಲ. ಮೂರೂವರೆ ಎಕರೆ ಜಮೀನು, ರಸ್ತೆ ಪಕ್ಕದಲ್ಲಿ ಒಂದಿಷ್ಟು ತೆಂಗು, ಒಂದು ಎತ್ತು. ಮಧ್ಯಾಹ್ನಕ್ಕೆ ತಾವೇ ಎರಡು ಮುದ್ದೆ ತಿರುವುತ್ತಿದ್ದರು. ಒಂದು ಅವರದು. ಇನ್ನೊಂದನ್ನು ಬಿದಿರಿನ ಮಕ್ಕರಿಯ ಕೆಳಗೆ ಮುಚ್ಚಿಟ್ಟು ಜಗಲಿಗೆ ಬಂದು ಕೂರುತ್ತಿದ್ದರು. ದಾರಿಯಲ್ಲಿ ಹೋಗುವವನು ಯಾರೇ ಆಗಲಿ, "ಎಲ್ಲಿಗ್ಲಾ ಓಯ್ತಾ ಇದ್ದೀ? ಬಾ, ಒಂದ್ ಮುದ್ದೆ ಅದೆ." ಬಂದರೆ ಸರಿ. ಬಾರದಿದ್ದರೆ ಸಂಜೆ ಆ ಮುದ್ದೆ ಎತ್ತಿಗೆ. ಎತ್ತು ಎಷ್ಟು ದಪ್ಪಗಿದೆ ಎಂಬುದನ್ನು ನೋಡಿ ಆ ತಿಂಗಳು ಅವರ ಮನೆಗೆ ಎಷ್ಟು ಜನ ಬಂದಿದ್ದರೆಂದು ಅಂದಾಜು ಮಾಡಬಹುದಾಗಿತ್ತು. ನಾನು ಹೋದ ಕಾಲಕ್ಕೆ ಅದು ಆಗಲೇ ಸಾಕಷ್ಟು ದುಂಡಗಾಗಿತ್ತು.

ಒಂದು ಎತ್ತಿನಿಂದ ಉಳಲಾಗುವುದಿಲ್ಲ. ಆದರೆ ಆ ಕಡೆ ಅದೊಂದು ಕೊರತೆಯೇ ಅಲ್ಲ. ಒಂಟಿ ಎತ್ತಿನವರು ಇಬ್ಬರು ಸೇರಿದರೆ ಒಂದು ಜೋಡಿ. ಇವರ ಹೊಲಕ್ಕೆ ಒಂದು ದಿನ, ಅವರ ಹೊಲಕ್ಕೆ ಒಂದು ದಿನ. ಹಾಗೆಯೇ ನಾಟಿ, ಕಳೆ, ಕೊಯ್ಲು. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿಯ ಮಾತಿಲ್ಲ, ಬರೆದಿಡುವುದಿಲ್ಲ. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಸರ್ಕಾರ ಸಹಕಾರ ತತ್ವವನ್ನು ಬೋಧಿಸಲು ನನಗೆ ಒಂದು ಕಟ್ಟು ಬಣ್ಣದ ಚಿತ್ರಪಟಗಳನ್ನು ಕೊಟ್ಟಿತ್ತು. ನಾನು ಅವನ್ನು ಬಿಚ್ಚಲಿಲ್ಲ.

ಯಜಮಾನರ ಎತ್ತಿಗೆ ಜೊತೆಯಾಗುತ್ತಿದ್ದದ್ದು ಬದುವಿನಾಚೆಯ ಹೊಲದವರ ಎತ್ತು. ಸಂಬಂಧವೇನೂ ಇಲ್ಲದಿದ್ದರೂ ಅವರನ್ನು ಇವರು ಬಾವ ಎನ್ನುತ್ತಿದ್ದರು. ಉಳುವಾಗ ಇಬ್ಬರಿಗೂ ಜಗಳ.

"ನಿನ್ ಎತ್ತು ಎಳೀತಾ ಇಲ್ಲ ಕಣ್ ಬಾವ. ನನ್ ಎತ್ತಿನ್ ಜೊತೆ ಮೆರವಣಿಗೆ ಬಂದದೆ."

"ನಿಂದು ಮುದ್ದೆ ತಿಂದು ಬಸುರಿ ಆದಂಗ್ ಅದೆ, ಅದ್ನ ಮೊದ್ಲು ನೋಡ್ಕೋ ಓಗು!"

ಎತ್ತುಗಳು ಈ ಚರ್ಚೆಯಲ್ಲಿ ಭಾಗವಹಿಸದೆ ಸಾಲು ಮುಗಿಸುತ್ತಿದ್ದವು.

ಬಾವನಿಗೆ ಕಣ್ಣು ಮಂಜಾಯಿತು. ಹೊಲವನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು, ಎತ್ತನ್ನು ಮಾರಿ, ಹಳೇಕೋಟೆಯಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಬಸ್ಸು ಹತ್ತಿಸಿ ಬಂದ ಯಜಮಾನರು ಆ ಸಂಜೆ ಮುದ್ದೆಯನ್ನು ಎತ್ತಿಗೆ ಇಡುತ್ತಾ, "ಈಗ್ ಇಬ್ರೂ ಒಂಟಿ ಆದೋ ಕಣ್ಲಾ" ಎಂದದ್ದು ನನ್ನ ಕೋಣೆಗೆ ಕೇಳಿಸಿತು.

ಊರಿನವರು ಕೈಬಿಡಲಿಲ್ಲ. ಮೂಲೆಮನೆಯ ರೈತ ತಾನಾಗಿ ಬಂದು, "ನಮ್ತಾವ್ ಜೋಡಿ ಎತ್ತು ಅವೆ, ನಿಮ್ದೂ ಉತ್ಬುಡ್ತೀವಿ ಯಜಮಾನ್ರೇ. ನೀವೇನೂ ನಮ್ ಒಲುಕ್ಕೆ ಬರಾದ್ ಬ್ಯಾಡ" ಎಂದ. ಎಷ್ಟು ಸೌಜನ್ಯದ ಮಾತು! ಯಜಮಾನರು ಅವನು ಹೋಗುವವರೆಗೆ ತಡೆದುಕೊಂಡು ನನ್ನ ಕಡೆ ತಿರುಗಿದರು.

"ಬರಾದ್ ಬ್ಯಾಡ ಅಂತಾನಲ್ಲ ಸೇವಕ್ರೇ! ನಾನೇನ್ ಸತ್ತೋಗಿವ್ನಾ?"

ಮುಯ್ಯಿ ತೀರಿಸಲಾಗದವನನ್ನು ಯಾರೂ ಬೈಯುವುದಿಲ್ಲ. ಸುಮ್ಮನೆ ಕರೆಯುವುದನ್ನು ಬಿಡುತ್ತಾರೆ. ಆಮೇಲೆ ಊರಿನಲ್ಲಿ ಅವನಿಗೆ ಉಳಿಯುವುದು ಜಗಲಿ ಮಾತ್ರ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಗಲೇ ಅವರ ತಲೆಗೆ ಯಂತ್ರ ಹೊಕ್ಕಿತು. ರಸ್ತೆ ಅಗಲ ಮಾಡುವಾಗ ಹೋದ ತೆಂಗಿನ ಮರಗಳಿಗೆ ಬಂದ ಪರಿಹಾರದ ಹಣ ಇತ್ತು. ಹಾಸನದಲ್ಲಿ ಸಣ್ಣ ಹಿಡುವಳಿಗೆಂದು ಚಿಕ್ಕ ಟ್ರಾಕ್ಟರು ಬಂದಿದೆಯಂತೆ, ಅದಕ್ಕೆ ಏನು ಬೇಕಾದರೂ ಜೋಡಿಸಬಹುದಂತೆ ಎಂಬ ಸುದ್ದಿ ಬಸ್ಸಿನಲ್ಲಿ ಬಂದಿತ್ತು.

"ನಂಗಲ್ಲ ಸೇವಕ್ರೇ. ಅದಿದ್ರೆ ಊರೋರ್ ಒಲುಕ್ಕೆಲ್ಲ ಓಗ್ಬೋದು. ಮುಯ್ಯಿಗೆ."

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಇಬ್ಬರೂ ಹಾಸನಕ್ಕೆ ಹೋದೆವು. ಯಜಮಾನರು ಮದುವೆಮನೆಗಳಿಗೆಂದು ಇಟ್ಟಿದ್ದ ರುಮಾಲು ಸುತ್ತಿದ್ದರು. ಅಂಗಡಿಯ ಯುವಕ ಮೊದಲು ತೋರಿಸಿದ್ದು ನಾಲ್ಕು ಗಾಲಿಯ ಟ್ರಾಕ್ಟರನ್ನು. ಯಜಮಾನರು ಅದನ್ನು ಪ್ರದಕ್ಷಿಣೆ ಹಾಕಿ, ಸೀಟಿನ ಎತ್ತರ ನೋಡಿ ತಲೆಯಾಡಿಸಿದರು. "ಅಷ್ಟೆತ್ರುದಲ್ ಕುಂತ್ರೆ ಬದಿನ್ ಮೇಲಿರೋನ್ ಮಾತು ಕೇಳ್ತದಾ?" ಮುಂದಿನದು ಎರಡು ಗಾಲಿಯದು, ಉದ್ದದ ಹಿಡಿಕೆ ಹಿಡಿದು ನೇಗಿಲಿನ ಹಾಗೆ ಹಿಂದೆ ನಡೆಯಬೇಕು. "ಇದು ಆಯ್ತದೆ. ಮನ್ಸ ನೆಲದ್ ಮೇಲ್ ಇರ್ತಾನೆ."

ಆಮೇಲೆ ಜೋಡಣೆಗಳ ಸರದಿ. ಆ ಹೊತ್ತಿನಲ್ಲಿ ಯಜಮಾನರು ಒಂದೊಂದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: "ಇದ್ಕೆ ಎಷ್ಟ್ ಜನ ಬೇಕು?"

ಯುವಕನಿಗೆ ಅದು ಕೂಲಿ ಉಳಿಸುವ ಪ್ರಶ್ನೆಯಾಗಿ ಕೇಳಿಸಿತು. ಉತ್ಸಾಹದಿಂದ, "ಒಬ್ಬರೇ ಸಾಕು ಸಾರ್! ನೇಗಿಲಿಗೂ ಒಬ್ಬರೇ, ಕುಂಟೆಗೂ ಒಬ್ಬರೇ, ಪಂಪಿಗೆ ಅದೂ ಬೇಡ, ಬಿಟ್ಟು ಬಂದು ಮಲಗಬಹುದು" ಎಂದ. ಪ್ರತಿಯೊಂದು "ಒಬ್ಬರೇ"ಗೂ ಯಜಮಾನರ ಮುಖ ಇಳಿಯುತ್ತಿತ್ತು. ಯುವಕ ಬೆಲೆ ಜಾಸ್ತಿಯಾಯಿತೆಂದು ಭಾವಿಸಿ ಇನ್ನಷ್ಟು ಜನರನ್ನು ಕಡಿಮೆ ಮಾಡಿದ. ಕೊನೆಗೆ ಯಜಮಾನರು ತಾವಾಗಿ ಆರಿಸಿದ್ದು ಮೂರು: ನೇಗಿಲು, ಏಕೆಂದರೆ ಎಲ್ಲರಿಗೂ ಬೇಕು, ಟ್ರೈಲರು, ಏಕೆಂದರೆ ಅದರಲ್ಲಿ ಜನ ಕೂರುತ್ತಾರೆ, ಮತ್ತು ಬೀಜ ಬಿತ್ತುವ ನಮ್ಮ ಕೂರಿಗೆಯನ್ನು ಕಟ್ಟಿಕೊಳ್ಳಲು ಬರುವ ಒಂದು ಕಬ್ಬಿಣದ ಚೌಕಟ್ಟು. ಯುವಕ ಅಂಗಲಾಚಿದ. "ಬಿತ್ತೋದಕ್ಕೆ ತಾನಾಗೇ ಬೀಜ ಬಿಡೋ ಪೆಟ್ಟಿಗೆ ಇದೆಯಲ್ಲ ಸಾರ್! ಕೂರಿಗೆ ಕಟ್ಟಿದರೆ ಬೀಜ ಹಾಕೋಕೊಬ್ಬರು, ಹಿಂದೆ ಅಕ್ಕಡಿ ಸಾಲಿಗೆ ಅವರೆ ಬಿಡೋಕೊಬ್ಬರು..."

"ಅದೇ ಕಣಪ್ಪ" ಎಂದರು ಯಜಮಾನರು.

ನಾಲ್ಕನೆಯದು ಹುಲ್ಲು ಕತ್ತರಿಸುವ ಅಲಗು. ಯಂತ್ರದ ಜೊತೆಗೇ ಬರುವಂಥದ್ದು, ಸೆಟ್ಟು ಒಡೆಯುವಂತಿಲ್ಲ ಎಂದ ಯುವಕ. ಅದರ ಚಿತ್ರದಲ್ಲಿ ಹ್ಯಾಟು ಹಾಕಿದ ಪರದೇಶದವನೊಬ್ಬ ಹಸಿರು ಬಯಲಿನಲ್ಲಿ ಯಂತ್ರ ಹಿಡಿದು ನಗುತ್ತಿದ್ದ.

"ಯಾವ್ ಎಮ್ಮೆಗೆ ಈ ಉಲ್ಲು?"

"ಎಮ್ಮೆಗಲ್ಲ ಸಾರ್. ಮನೆ ಮುಂದೆ ಚೆಂದಕ್ಕೆ ಬೆಳೆಸ್ತಾರೆ. ಬೆಳೆದ ಮೇಲೆ ಕತ್ತರಿಸ್ತಾರೆ."

"ಕತ್ತರ್ಸಿ?"

"ಎಸೀತಾರೆ."

ಯಜಮಾನರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಮೂಲೆಮೂಲೆಯನ್ನೂ ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಪಾಪ, ಒಬ್ನೇ ಅವ್ನೆ" ಎಂದರು.

ಯಂತ್ರ ಊರಿಗೆ ಬಂತು. ಅರಿಶಿನ ಕುಂಕುಮ, ಕಾಯಿ, ಎಲ್ಲವೂ ಆಯಿತು. ಎತ್ತು ಅದನ್ನೊಮ್ಮೆ ಮೂಸಿ ಮುಖ ತಿರುಗಿಸಿತು. ಹುಲ್ಲಿನ ಅಲಗನ್ನು ಕೊಟ್ಟಿಗೆಯಲ್ಲಿ ನೇತುಹಾಕಿದರು. ಕೋಳಿಗಳು ಅದರ ಮೇಲೆ ಮಲಗತೊಡಗಿದವು. ಮೊದಲ ಮುಯ್ಯಿ ಮೂಲೆಮನೆಯವನ ಹೊಲಕ್ಕೆ. ಎರಡು ಜೊತೆ ಎತ್ತು ದಿನವಿಡೀ ಉಳುವ ಹೊಲ ಬುತ್ತಿ ಬರುವ ಮೊದಲೇ ಮುಗಿದುಹೋಯಿತು. ಬುತ್ತಿ ಬಂದಾಗ ಹೊಲದಲ್ಲಿ ಯಜಮಾನರೊಬ್ಬರೇ ಯಂತ್ರದ ಪಕ್ಕ ಕೂತಿದ್ದರು. ಮಾತಾಡೋಣವೆಂದರೆ ಯಂತ್ರ ಓಡುವಾಗ ಪಕ್ಕದವನ ಕೂಗೂ ಕೇಳುತ್ತಿರಲಿಲ್ಲ. ಬದುವಿನ ಮೇಲಿನವನ ಮಾತು ಕೇಳಲೆಂದು ಗಿಡ್ಡ ಯಂತ್ರ ಆರಿಸಿದ ಮಹಾನುಭಾವರು ಅದರ ಸದ್ದನ್ನು ಅಂಗಡಿಯಲ್ಲಿ ಕೇಳಿ ನೋಡಿರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಅವತ್ತು ಸಂಜೆ ಜಗಲಿಯ ಮೇಲೆ ಎದ್ದಿತು.

"ಇದ್ಕೆ ನಾನ್ ಎಷ್ಟ್ ದಿನ ಬರ್ಬೇಕು ಯಜಮಾನ್ರೇ?" ಎಂದು ಮೂಲೆಮನೆಯವನು ಕೇಳಿದ.

"ಒಂದಿನ ಬಾ. ನಾನೂ ಒಂದಿನ ಬಂದಿದ್ದೆ."

"ಅದೆಂಗಾಯ್ತದೆ? ಎರಡ್ ಜೊತೆ ಎತ್ತಿನ್ ಕೆಲ್ಸ ಮಾಡಿದ್ರಿ, ಸೀಮೆಎಣ್ಣೆ ಬೇರೆ ಸುಟ್ರಿ. ನಾನೊಬ್ಬ ಬಂದು ಕಳೆ ಕಿತ್ರೆ ನಿಮ್ಗೆ ಅನ್ಯಾಯ ಆಗಲ್ವಾ?"

"ನಂಗಾಯ್ತದೆ ತಾನೇ, ಆಗ್ಲಿ ಬುಡ್ಲಾ!"

"ಅಂಗ್ ಬುಡಾಕಾಯ್ತದಾ? ತಗಳಿ, ಬಾಡ್ಗೆ ಅಂತ ಏನಾರ ಕೊಟ್ಬುಡ್ತೀನಿ."

ಯಜಮಾನರು ಎದ್ದು ಒಳಗೆ ಹೋಗಿಬಿಟ್ಟರು.

ಯಂತ್ರದ ಒಂದು ಬೆಳಿಗ್ಗೆಗೆ ಮನುಷ್ಯರ ಎಷ್ಟು ದಿನ ಸಮ ಎಂಬ ಗಹನ ಪ್ರಶ್ನೆಯನ್ನು ಊರು ಎಷ್ಟೋ ಸಂಜೆ ಚರ್ಚಿಸಿತು. ತೀರ್ಮಾನ ಸಿಗಲಿಲ್ಲ. ಸಿಗದಿದ್ದಾಗ ಮರ್ಯಾದಸ್ಥರು ಏನು ಮಾಡುತ್ತಾರೋ ಅದನ್ನೇ ಮಾಡಿದರು: ತೀರಿಸಲಾಗದ್ದನ್ನು ಪಡೆಯಬಾರದೆಂದು ಯಜಮಾನರನ್ನು ಕರೆಯುವುದನ್ನೇ ನಿಲ್ಲಿಸಿದರು. ಒಬ್ಬರಲ್ಲೂ ಹೊಟ್ಟೆಕಿಚ್ಚಿರಲಿಲ್ಲ. ಅದಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಜಗಲಿಯ ಮುಂದೆ ಹಾಯುವವರು ಈಗ "ಹೊತ್ತಾಯ್ತು" ಎಂದು ಬೇಗ ಬೇಗ ನಡೆಯುತ್ತಿದ್ದರು, ಎಲ್ಲಿ ಯಜಮಾನರು ಉಪಕಾರ ಮಾಡಿಬಿಡುತ್ತಾರೋ ಎಂದು. ಎತ್ತು ಮತ್ತಷ್ಟು ದಪ್ಪವಾಯಿತು.

ರಾಗಿ ಬಿತ್ತನೆಯ ಹದ ಬಂತು. ಮಳೆ ನಿಂತ ಬೆಳಿಗ್ಗೆ ಯಜಮಾನರು ಯಂತ್ರಕ್ಕೆ ಟ್ರೈಲರು ಕಟ್ಟಿ, ಕೂರಿಗೆಯನ್ನು ಅದರೊಳಗಿಟ್ಟು, ಬೀಜದ ಚೀಲಗಳನ್ನು ಹೇರಿ ಮನೆ ಮುಂದೆ ನಿಂತರು. ಟ್ರೈಲರಿನ ಹಲಗೆಯನ್ನು ಒರೆಸಿ ಕಂಬಳಿ ಹಾಸಿದ್ದರು, ಬರುವವರು ಕೂರಲಿ ಎಂದು. ಬೇರೆಯವರ ಜೋಡಿಗಳೆಲ್ಲ ಹೊಲಕ್ಕೆ ಹೋದವು. ಬಿಸಿಲು ಜಗಲಿಗೆ ಏರಿತು. ಅವರು ನನ್ನ ಕೋಣೆಯ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಏನಾದರೂ ಸರ್ಕಾರಿ ನೆಪ ಹೇಳುತ್ತಿದ್ದೆ. ಪ್ಯಾಂಟು ಮಡಚಿ ಹೋಗಿ ಟ್ರೈಲರಿನಲ್ಲಿ ಕೂತೆ.

ಹೊಲಕ್ಕೆ ಹೋಗಿ ಟ್ರೈಲರು ಬಿಚ್ಚಿ ಕೂರಿಗೆ ಕಟ್ಟಿದರು. ದಾರಿಯಲ್ಲಿ ಸಿಕ್ಕ ಮುದುಕಿಯೊಬ್ಬಳು ಕೂರಿಗೆಗೆ ರಾಗಿ ಹಾಕಲು ಒಪ್ಪಿದಳು. ಅವಳಿಗೆ ಮುಯ್ಯಿ ಕೇಳುವ ಹೊಲವಿರಲಿಲ್ಲ, ಹಾಗಾಗಿ ಭಯವೂ ಇರಲಿಲ್ಲ. ರಾಗಿಯ ನಡುನಡುವೆ ಬೇರೆ ಕಾಳು ಬಿಡುವ ಅಕ್ಕಡಿಯ ಸಾಲು, ಹಿಂದೆ ಯಜಮಾನರ ಹೆಂಡತಿ ನಡೆಯುತ್ತಿದ್ದದ್ದು, ನನ್ನ ಪಾಲಿಗೆ ಬಂತು. ಅವರೆ, ಹುಚ್ಚೆಳ್ಳು ಬಿಡುತ್ತಾ ಯಂತ್ರದ ಹಿಂದೆ ಎಡವುತ್ತಾ ಓಡಿದೆ. ಒಂದು ಕಡೆ ಬೀಜ ರಾಶಿ, ಒಂದು ಕಡೆ ಶೂನ್ಯ. ಯಜಮಾನರು ಸಾಲಿನ ಕೊನೆಯಲ್ಲಿ ಯಂತ್ರ ನಿಲ್ಲಿಸಿ ತಿರುಗಿ ನೋಡಿದರು.

"ಸೇವಕ್ರೇ, ಬಿತ್ತಿದ್ರೋ, ಆವು ಅರಿಯೋ ದಾರಿ ತೋರ್ಸಿದ್ರೋ?"

ಮೀಸೆಯ ಎರಡು ತುದಿಗಳೂ ಕುಣಿಯುವಂತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಧ್ಯಾಹ್ನ ಬದುವಿನ ಮೇಲೆ ಮಕ್ಕರಿ ತೆರೆದರೆ ಅವತ್ತು ಮೂರು ಮುದ್ದೆ ಇದ್ದವು, ಎತ್ತಿಗೆ ಒಂದೂ ಉಳಿಯಲಿಲ್ಲ. ಹುಚ್ಚೆಳ್ಳು ಹಳದಿ ಹೂ ಬಿಟ್ಟಾಗ ನನ್ನ ಸೊಟ್ಟ ಸಾಲುಗಳು ನುಗ್ಗೇಹಳ್ಳಿಯ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತಿದ್ದವು. "ನಮ್ ಸೇವಕ್ರು ಬಿಟ್ಟಿದ್ದು" ಎಂದು ಯಜಮಾನರು ಅಪರಿಚಿತರಿಗೂ ತೋರಿಸುತ್ತಿದ್ದರು.

"ನಿಮ್ಗೊಂದಿನದ್ ಮುಯ್ಯಿ ಕೊಡ್ಬೇಕು ನಾನು" ಎಂದರು ಒಂದು ದಿನ.

"ನನಗೆಲ್ಲಿದೆ ಯಜಮಾನರೇ ಹೊಲ?"

"ಎಲ್ಲಾದ್ರೂ ಇರ್ತದೆ ಬುಡಿ."

ಅರಕಲಗೂಡಿಗೆ ನನ್ನ ವರ್ಗವಾಯಿತು. ಅಲ್ಲಿ ಒಂದು ವಸತಿಗೃಹ, ಅದರ ಮುಂದೆ ಸೊಂಟದೆತ್ತರ ಹುಲ್ಲು. ಸರ್ಕಾರ ಕೊಟ್ಟಿದ್ದರಿಂದ ಅದನ್ನು ಹಾಗೆಯೇ ಕಾಪಾಡಿದ್ದೆ. ಒಮ್ಮೆ ಸಭೆಗೆಂದು ಹಾಸನಕ್ಕೆ ಹೋಗಿ ಮರುದಿನ ಬಂದು ನೋಡುತ್ತೇನೆ, ಮುಂದಿನ ಬಯಲು ಚೊಕ್ಕ. ಹುಲ್ಲನ್ನು ಕಂತೆ ಕಟ್ಟಿ ಗೋಡೆಗೆ ಒರಗಿಸಲಾಗಿದೆ. ಪಕ್ಕದ ಮನೆಯ, ಆಸ್ಪತ್ರೆ ಕಾಂಪೌಂಡರರ ಹೆಂಡತಿ ಬಾಗಿಲಿಗೆ ಬಂದರು.

"ಯಾರೋ ವಯಸ್ಸಾದೋರು ಬಂದಿದ್ರು ಸಾ, ಗುಡುಗುಡು ಅನ್ನೋ ಗಾಡಿಲಿ. ಹಳೇಕೋಟೆಲಿ ಬಾವನ ಮನೇಲಿ ರಾತ್ರಿ ಇದ್ದು ಬಂದ್ರಂತೆ. ಮೀಸೆ ಒಂದ್ ಕಡೆ ಸೊಟ್ಟ. ನೀವಿಲ್ಲ ಅಂದೆ, ಜಗಲಿ ಮೇಲೆ ಕೂತ್ರು. ಆಮೇಲೆ ತಾವೇ ಎದ್ದು ಕುಯ್ಯೋಕ್ ಶುರು ಮಾಡಿದ್ರು. ಒಬ್ರೇ."

ಕೋಳಿಗಳನ್ನು ಎಬ್ಬಿಸಿ ಅಲಗನ್ನು ಕೆಳಗಿಳಿಸಿದ್ದರೆಂದಾಯಿತು. ಮೂರು ತಾಲ್ಲೂಕು ದಾಟಿ ಅದನ್ನು ಹೊತ್ತು ತಂದಿದ್ದರು. ಚಿತ್ರದ ಆ ಹ್ಯಾಟಿನವನಿಗಾದರೂ ನಗು ಇತ್ತು.

ಬಾವಿಯ ಪಕ್ಕ ಒಂದು ಪಟ್ಟಿ ಹುಲ್ಲು ಹಾಗೇ ನಿಂತಿತ್ತು.

"ಅದ್ಯಾಕೆ ಬಿಟ್ರಿ ಅಂದೆ ಸಾ. 'ಅದು ಅವ್ರು ಬಂದ್ಮೇಕೆ, ಇಬ್ರೂವೆ ಕುಯ್ತೀವಿ. ಇನ್ನೊಂದ್ ಸಲ ಬತ್ತೀನಿ' ಅಂದ್ರು. ಸಂಜೆಗಂಟ ಕಾದು ಹೊರಟೋದ್ರು."

ಮುಂಗಾರು ಹಿಡಿಯುವ ಮೊದಲೇ ದಂಡಿಗನಹಳ್ಳಿ ಕಡೆಯ ಬಸ್ಸಿನ ಕಂಡಕ್ಟರೊಬ್ಬ ಸುದ್ದಿ ತಂದ. ಜಗಲಿಯ ಮೇಲೆ ಕೂತಹಾಗೇ ಹೋದರಂತೆ. ಮಕ್ಕರಿಯ ಕೆಳಗೆ ಮುದ್ದೆ ಇನ್ನೂ ಬಿಸಿಯಾಗಿತ್ತಂತೆ. ಮಣ್ಣಿಗೆ ಇಡೀ ಊರು ಬಂದಿತ್ತಂತೆ. ಬರದೆ ಏನು, ಅದಕ್ಕೆ ಯಾವ ಲೆಕ್ಕದ ತಕರಾರೂ ಇರುವುದಿಲ್ಲ.

ಆ ಪಟ್ಟಿಯನ್ನು ನಾನು ಕೊಯ್ಯಲಿಲ್ಲ, ಕೊಯ್ಯಿಸಲೂ ಇಲ್ಲ. ಅದು ಬೆಳೆದು, ಒಣಗಿ, ಬಿದ್ದು, ಮತ್ತೆ ಎದ್ದಿತು. ನಾನು ಹೊಳೆನರಸೀಪುರಕ್ಕೆ ವರ್ಗವಾದ ಮೇಲೆ ಆ ಮನೆಗೆ ಬಂದ ಅಧಿಕಾರಿ ಶಿಸ್ತಿನ ಮನುಷ್ಯ. ಬಂದ ವಾರದಲ್ಲೇ ಆಳು ಹಿಡಿದು ತೆಗೆಸಿದರೆಂದು ಕೇಳಿದೆ. ಯಾವ ಎಮ್ಮೆಗೆ ಹಾಕಿದರೋ, ವಿಚಾರಿಸಲಿಲ್ಲ.